ದೀಪ ಹಚ್ಚುವ ಹೊತ್ತಿಗೆ ಮನೆ ಹೇಗಿರುತ್ತದೆ?

ಏಳನೇ ಕ್ಲಾಸಿನವರೆಗೆ ಕರೆಯದೆಯೇ ಓಡಿಬಂದು ಮಂಗಳಾರತಿಗೆ ಗಂಟೆ ಬಾರಿಸುತ್ತಿದ್ದ ಮಗು ಒಂಬತ್ತಕ್ಕೋ ಹತ್ತಕ್ಕೋ ಬರುವಷ್ಟರಲ್ಲಿ ದೇವರ ಕೋಣೆಯ ಹೊಸಿಲಲ್ಲೇ ನಿಂತು ಅರ್ಧ ಕೈ ಮುಗಿದು ಹೊರಟುಬಿಡುತ್ತದೆ. ಪಿಯುಸಿಗೆ ಬಂದಮೇಲೆ ಅದೂ ಇಲ್ಲ. ಮನೆಯವರು ಮೊಬೈಲನ್ನು ಬೈಯುತ್ತಾರೆ, ಸಹವಾಸವನ್ನು ಬೈಯುತ್ತಾರೆ, ಕಾಲವೇ ಕೆಟ್ಟಿತು ಅನ್ನುತ್ತಾರೆ. ಆದರೆ ಆ ಮಗು ಇಷ್ಟು ವರ್ಷ ನೋಡುತ್ತಾ ಬಂದಿದ್ದು ಬರೀ ಪೂಜೆಯನ್ನಲ್ಲ. ದೀಪ ಹಚ್ಚುವುದಕ್ಕೆ ಐದು ನಿಮಿಷ ಮುಂಚೆ ಅಡುಗೆಮನೆಯಲ್ಲಿ ಯಾರು ಯಾರ ಮೇಲೆ ರೇಗಿದರು, ತೀರ್ಥ ಕುಡಿದ ಐದೇ ನಿಮಿಷಕ್ಕೆ ಕೆಲಸದವಳ ಜೊತೆ ಯಾವ ದನಿಯಲ್ಲಿ ಮಾತಾಡಿದರು, ಅದೆಲ್ಲವೂ ಅದರ ಕಣ್ಣಿಗೆ ಬಿದ್ದಿದೆ. ಹದಿನಾಲ್ಕು ಹದಿನೈದಕ್ಕೆ ಬುದ್ಧಿ ಬಲಿಯುತ್ತಿದ್ದ ಹಾಗೆ ಎರಡನ್ನೂ ಪಕ್ಕಪಕ್ಕ ಇಟ್ಟು ತೂಗಲು ಶುರುಮಾಡುತ್ತದೆ.

ಈ ತೂಗುವಿಕೆಯನ್ನು ಅಹಂಕಾರ ಅಂತ ತಿಳಿಯಬಾರದು. ಆ ವಯಸ್ಸಿನ ಮೆದುಳು ಮಾಡಬೇಕಾದ ಕೆಲಸವೇ ಅದು. ಅಲ್ಲಿಯವರೆಗೆ ಅಮ್ಮನ ದೇವರು, ಅಜ್ಜಿಯ ದೇವರು. ಇನ್ನು ಮುಂದೆ ತನ್ನದು ಯಾವುದು ಎಂಬ ಪ್ರಶ್ನೆ. ಅದಕ್ಕೆ ಎಂಥ ಉತ್ತರ ಸಿಗುತ್ತದೆ ಅನ್ನುವುದರಲ್ಲಿ ಶ್ಲೋಕಗಳ ಸಂಖ್ಯೆಗಿಂತ ಹೆಚ್ಚು ಪಾಲು, ಹೇಳಿಕೊಟ್ಟವರ ಜೊತೆಗಿನ ನಂಟಿನದು.

ಇದರ ಬಗ್ಗೆ ದೊಡ್ಡ ಅಧ್ಯಯನಗಳು ನಡೆದಿರುವುದು ಹೆಚ್ಚಾಗಿ ಅಮೆರಿಕದಲ್ಲಿ. ಸಮಾಜಶಾಸ್ತ್ರಜ್ಞ ಕ್ರಿಶ್ಚಿಯನ್ ಸ್ಮಿತ್ ಅವರ ತಂಡ 2002-03ರಲ್ಲಿ 13ರಿಂದ 17 ವರ್ಷದ ಮೂರು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಮಾತಾಡಿಸಿತು, ವರ್ಷಗಟ್ಟಲೆ ಅವರ ಬೆನ್ನು ಹತ್ತಿತು. ಗೆಳೆಯರಿಗಿಂತ, ಶಾಲೆಗಿಂತ, ಧರ್ಮಗುರುಗಳಿಗಿಂತ ಅಪ್ಪ-ಅಮ್ಮನ ಪ್ರಭಾವವೇ ಹೆಚ್ಚು ಎಂದು ಕಂಡಿತು. ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಇನ್ನೊಬ್ಬ ಸಮಾಜಶಾಸ್ತ್ರಜ್ಞ ವರ್ನ್ ಬೆಂಗ್ಟ್‌ಸನ್ 1970ರಲ್ಲಿ 350ಕ್ಕೂ ಹೆಚ್ಚು ಕುಟುಂಬಗಳೊಂದಿಗೆ ಶುರುಮಾಡಿದ ಅಧ್ಯಯನ ಮೂರು ದಶಕ ದಾಟಿ ನಡೆಯಿತು. ಅದರಲ್ಲಿ ಕಂಡ ಒಂದು ಸಂಗತಿ ನಮ್ಮ ಮನೆಗಳ ಗಂಡಸರು ಕಿವಿಗೊಟ್ಟು ಕೇಳಬೇಕಾದದ್ದು. ಅಪ್ಪ ಎಷ್ಟೇ ದೈವಭಕ್ತನಾಗಿರಲಿ, ಮಕ್ಕಳಿಂದ ದೂರವೇ ಉಳಿದರೆ ಆ ಭಕ್ತಿ ಮುಂದಿನ ತಲೆಮಾರಿಗೆ ಅಷ್ಟಾಗಿ ದಾಟುವುದಿಲ್ಲ. ಅಲ್ಲಿನ ಬಹುತೇಕ ಧಾರ್ಮಿಕ ಗುಂಪುಗಳಲ್ಲಿ ಅಪ್ಪನ ಆಪ್ತತೆ ತಂದ ವ್ಯತ್ಯಾಸ ಅಮ್ಮನ ಆಪ್ತತೆಗಿಂತಲೂ ದೊಡ್ಡದಾಗಿತ್ತು. ನಮ್ಮಲ್ಲಿ ಪೂಜೆಯ ಜವಾಬ್ದಾರಿ ಅಮ್ಮಂದಿರದು, ಗದರುವ ಜವಾಬ್ದಾರಿ ಅಪ್ಪಂದಿರದು ಎಂದು ಹಂಚಿಹೋಗಿರುವ ಮನೆಗಳು ಬೇಕಾದಷ್ಟಿವೆ. ಬದಲಾವಣೆ ಶುರುವಾಗಬೇಕಾದದ್ದು ಅಲ್ಲಿಂದ.

2018ರಲ್ಲಿ ಹಾರ್ವರ್ಡ್‌ನ ಯಿಂಗ್ ಚೆನ್ ಮತ್ತು ಟೈಲರ್ ವ್ಯಾಂಡರ್‌ವೀಲ್ ಪ್ರಕಟಿಸಿದ ಅಧ್ಯಯನದಲ್ಲಿ 5,000ಕ್ಕೂ ಹೆಚ್ಚು ಮಕ್ಕಳಿದ್ದರು. ಹರೆಯದಲ್ಲಿ ವಾರಕ್ಕೊಮ್ಮೆಯಾದರೂ ಪ್ರಾರ್ಥನಾ ಸಭೆಗೆ ಹೋಗುತ್ತಿದ್ದವರು ಇಪ್ಪತ್ತು ದಾಟಿದ ಪ್ರಾಯದಲ್ಲಿ ತಾವು ಸಂತೋಷವಾಗಿದ್ದೇವೆ ಎಂದು ಹೇಳುವ ಸಾಧ್ಯತೆ ಸುಮಾರು 18 ಶೇಕಡಾ ಹೆಚ್ಚು; ಮಾದಕ ವಸ್ತು ಬಳಸುವ ಸಾಧ್ಯತೆ 33 ಶೇಕಡಾ ಕಡಿಮೆ. ದಿನಾ ಪ್ರಾರ್ಥನೆಯನ್ನೋ ಧ್ಯಾನವನ್ನೋ ಮಾಡುತ್ತಿದ್ದವರಲ್ಲೂ ಇಂಥದ್ದೇ ಒಲವು. ಆದರೆ ಅವರೆಲ್ಲ ಅಮೆರಿಕದ ನರ್ಸ್‌ಗಳ ಮಕ್ಕಳು, ಹೆಚ್ಚಿನವರು ಬಿಳಿಯರು. ಪ್ರಾರ್ಥನೆಯನ್ನು ಮಾತ್ರೆಯ ಹಾಗೆ ಕೊಟ್ಟರೆ ಇದೇ ಫಲ ಸಿಗುತ್ತದೆ ಎಂದು ಈ ಅಂಕಿಗಳಿಂದ ತೀರ್ಮಾನಿಸಬಾರದು.

ಇನ್ನು ಮನೆಯಲ್ಲಿ ಏನು ಮಾಡಬಹುದು ಅನ್ನುವುದಕ್ಕೆ ಬರೋಣ. ಹೈಸ್ಕೂಲು, ಪಿಯು ಮಕ್ಕಳಿರುವ ಮನೆಯಲ್ಲಿ ಎಲ್ಲರೂ ದೀಪದ ಮುಂದೆ ಕೂಡುವುದಕ್ಕೆ ಬೆಳಗ್ಗೆಗಿಂತ ಸಂಜೆ ಒಳ್ಳೆಯದು. ಎಲ್ಲರೂ ಮನೆಯಲ್ಲಿರುವ ಹೊತ್ತು ಯಾವುದು ಅಂತ ಒಂದು ವಾರ ಗಮನಿಸಿ. ಟ್ಯೂಷನ್ ಇರುವ ಮನೆಯಲ್ಲಿ ಅದು ಮುಸ್ಸಂಜೆ ಆಗಿರಲಾರದು, ಎಂಟೂವರೆ ಆಗಿರಬಹುದು. ಪರವಾಗಿಲ್ಲ. ವಾರದಲ್ಲಿ ನಾಲ್ಕೈದು ದಿನ ಒಂದೇ ಹೊತ್ತಿಗೆ ಹದಿನೈದು ನಿಮಿಷ ಕೂಡುವುದು, ಶನಿವಾರ ಮಾತ್ರ ಒಂದೂವರೆ ಗಂಟೆ ಎಲ್ಲರನ್ನೂ ಎಳೆದು ಕೂರಿಸುವುದಕ್ಕಿಂತ ಮೇಲು.

ಕೂಡುವ ಹತ್ತು ನಿಮಿಷ ಮುಂಚೆ ಟಿ.ವಿ. ಆಫ್, ಒಲೆ ಆಫ್. ಮೊಬೈಲುಗಳೆಲ್ಲ ಫ್ರಿಜ್ ಮೇಲೋ ಹಾಲಿನ ಕಪಾಟಿನಲ್ಲೋ ಒಂದು ಬುಟ್ಟಿಗೆ. ಅಪ್ಪನ ಮೊಬೈಲು ಮೊದಲು. ಆಫೀಸಿನ ಕಾಲ್ ಬಂತು ಅಂತ ಅಪ್ಪ ಎದ್ದುಹೋದ ದಿನವೇ ಆ ಬುಟ್ಟಿಯ ಮರ್ಯಾದೆ ಹೋಯಿತು. ಈ ಹತ್ತು ನಿಮಿಷದಲ್ಲಿ ಮಾರ್ಕ್ಸು, ಫೀಸು, ನೆಂಟರ ಮಕ್ಕಳ ರ್‍ಯಾಂಕು, ಗಂಡ-ಹೆಂಡಿರ ಹಳೇ ಲೆಕ್ಕ ಯಾವುದೂ ಬರಬಾರದು.

ಹುಡುಗ-ಹುಡುಗಿಯರಿಗೆ ನಿಜವಾದ ಕೆಲಸ ಕೊಡಿ. ಗಂಟೆ ಬಾರಿಸುವುದು ಚಿಕ್ಕವರ ಕೆಲಸ. ಹದಿನೈದರವರು ವಾರಕ್ಕೊಮ್ಮೆ ಹಿತ್ತಾಳೆ ದೀಪವನ್ನು ಹುಣಸೆಹಣ್ಣು ಹಚ್ಚಿ ತಿಕ್ಕಬಹುದು, ಬತ್ತಿ ಹೊಸೆಯಬಹುದು, ವಾರದಲ್ಲಿ ಒಂದು ದಿನ ಏನು ಹಾಡಬೇಕು ಏನು ಓದಬೇಕು ಅನ್ನುವುದನ್ನು ಅವರೇ ಆರಿಸಬಹುದು. ಅವರು ಆರಿಸಿದ್ದು ನಿಮಗೆ ಹಿಡಿಸದಿದ್ದರೂ ಆ ದಿನ ಅದೇ. ಒಂದು ಸೂಕ್ಷ್ಮ ನೆನಪಿಡಿ: ಹದಿಮೂರು ಹದಿನಾಲ್ಕಕ್ಕೆ ಗಂಡುಮಕ್ಕಳ ದನಿ ಒಡೆಯುತ್ತದೆ. ನೆಂಟರ ಮುಂದೆ "ಹಾಡೋ ಪುಟ್ಟಾ" ಎಂದು ಒತ್ತಾಯಿಸಿದರೆ ಭಜನೆ ಮತ್ತು ಅವಮಾನ ಎರಡೂ ಅವನ ನೆನಪಿನಲ್ಲಿ ಒಂದಕ್ಕೊಂದು ಅಂಟಿಕೊಂಡುಬಿಡುತ್ತವೆ.

ಕೂತಮೇಲೆ ದೀಪ ಹಚ್ಚಿ ಎರಡು ನಿಮಿಷ ಸುಮ್ಮನೆ. ಆಮೇಲೆ ಐದಾರು ನಿಮಿಷ ಒಂದೇ ಒಂದು ಸ್ತೋತ್ರವೋ ವಚನವೋ ಕೀರ್ತನೆಯೋ. ಅದರ ಅರ್ಥ ಒಂದು ಮಾತಿನಲ್ಲಿ, ಪ್ರವಚನ ಬೇಡ. ಕೊನೆಗೆ ಒಬ್ಬೊಬ್ಬರೂ ಆ ದಿನದ ಒಂದು ಸಂಗತಿ ಹೇಳುವುದು: ಇವತ್ತು ಏನು ಭಾರ ಅನ್ನಿಸಿತು, ಯಾರಿಂದ ಹಗುರ ಆಯಿತು. ದೊಡ್ಡವರು ಮೊದಲು ಹೇಳಬೇಕು. "ಇವತ್ತು ಆಫೀಸಲ್ಲಿ ಒಬ್ಬರ ಮೇಲೆ ಸುಮ್ಮನೆ ರೇಗಿಬಿಟ್ಟೆ, ನಾಳೆ ಹೋಗಿ ಕ್ಷಮೆ ಕೇಳ್ತೀನಿ" ಎಂದು ಅಪ್ಪ ಹೇಳಿದ್ದು ಹತ್ತು ನೀತಿಕಥೆಗಿಂತ ಆಳಕ್ಕೆ ಇಳಿಯುತ್ತದೆ. ಮಗ "ನಂದೇನಿಲ್ಲ" ಅಂದರೆ ಸರಿ, ಮುಂದಿನವರು. ಅಲ್ಲಿಂದ ನೇರ ಊಟಕ್ಕೆ. ಮಧ್ಯೆ ಬುಟ್ಟಿ ಮುಟ್ಟುವಂತಿಲ್ಲ.

ಲಿಂಗಾಯತರ ಮನೆಯಲ್ಲಿ ಈ ಹೊತ್ತು ಅಂಗೈಯ ಇಷ್ಟಲಿಂಗದ ಮುಂದೆ, ಕರಾವಳಿಯ ಕ್ಯಾಥೊಲಿಕ್ ಮನೆಯಲ್ಲಿ ಸಂಜೆಯ ಜಪಸರದ ಸುತ್ತ, ಮುಸ್ಲಿಮರ ಮನೆಯಲ್ಲಿ ಮಗ್ರಿಬ್ ನಮಾಜಿನ ನಂತರ, ಹೊತ್ತು ಮುಳುಗುವ ಮುಂಚೆ ಊಟ ಮುಗಿಸುವ ಜೈನರ ಮನೆಯಲ್ಲಿ ಊಟದ ಆಮೇಲೆ. ದೇವರನ್ನು ನಂಬದ ಮನೆಯಲ್ಲೂ ಆ ಎರಡು ನಿಮಿಷದ ಮೌನಕ್ಕೆ, ದಿನದ ಮಾತಿಗೆ ಜಾಗವಿದೆ.

ಇದು ಎಲ್ಲಿ ಕೆಡುತ್ತದೆ ಎಂದರೆ, ಮೂರು ನಾಲ್ಕು ವಾರ ಕಳೆದಮೇಲೆ ಅಮ್ಮ ಒಬ್ಬಳೇ ಕೂತು ಉಳಿದವರು "ಬಂದೆ, ಬಂದೆ" ಅನ್ನುವಾಗ. ಆಗ ಅವಧಿಯನ್ನು ಐದು ನಿಮಿಷಕ್ಕೆ ಇಳಿಸಿ, ಹೊತ್ತನ್ನು ಮಾತ್ರ ಬಿಡಬೇಡಿ. ಇನ್ನೊಂದು ಕೇಡು ಇದಕ್ಕಿಂತ ದೊಡ್ಡದು. ಮಗಳು ದೀಪದ ಮುಂದೆ ನಂಬಿ ಹೇಳಿದ ಮಾತನ್ನು ಮುಂದಿನ ವಾರದ ಜಗಳದಲ್ಲಿ ಎತ್ತಿ ಆಡುವುದು: "ಅವತ್ತು ನೀನೇ ಹೇಳಿದ್ಯಲ್ಲ, ಕ್ಲಾಸಲ್ಲಿ ಗಮನ ಇರಲ್ಲ ಅಂತ." ಅಲ್ಲಿಗೆ ಅವಳ ಬಾಯಿ ಮುಚ್ಚಿತು. ಮತ್ತೆ ತೆರೆಯಬೇಕಾದರೆ ನೀವೇ ಹೋಗಿ "ಆ ಮಾತು ಹಾಗೆ ಎತ್ತಿದ್ದು ನನ್ನ ತಪ್ಪು" ಎನ್ನಬೇಕು, ಆಮೇಲೆ ಬಹಳ ದಿನ ಕಾಯಬೇಕು.

ಮನಶ್ಶಾಸ್ತ್ರಜ್ಞೆ ಬಾರ್ಬರಾ ಫೀಸ್ ಮತ್ತು ಜೊತೆಗಾರರು ಮನೆಯ ದಿನಚರಿ, ಆಚರಣೆಗಳ ಬಗ್ಗೆ 50 ವರ್ಷಗಳಲ್ಲಿ ಬಂದ ಸಂಶೋಧನೆಗಳನ್ನು 2002ರಲ್ಲಿ ಒಟ್ಟಿಗೆ ನೋಡಿದರು. ಹಲ್ಲುಜ್ಜುವುದು ದಿನಚರಿ, ಅದು ಮುಗಿದರೆ ಮುಗಿಯಿತು. ಆಚರಣೆಯಲ್ಲಿ "ನಾವು ಇಂಥವರು" ಎಂಬ ಭಾವ ಇರುತ್ತದೆ, ತಪ್ಪಿದ ದಿನ ಏನೋ ಕಳೆದುಕೊಂಡ ಹಾಗಾಗುತ್ತದೆ ಎಂದು ಅವರು ಬೇರ್ಪಡಿಸಿದರು. ಕಾಟಾಚಾರದ ಪೂಜೆ ಹಲ್ಲುಜ್ಜುವುದಕ್ಕೆ ಹತ್ತಿರ. ಮಕ್ಕಳಿಗೆ ಇದರ ವ್ಯತ್ಯಾಸ ನಮಗಿಂತ ಬೇಗ ತಿಳಿಯುತ್ತದೆ.

ಇನ್ನು ದೇವರನ್ನು ಬೆತ್ತವಾಗಿ ಬಳಸುವ ವಿಚಾರ. "ಸುಳ್ಳು ಹೇಳಿದ್ರೆ ದೇವ್ರು ಕಣ್ಣು ಕಿತ್ಕೊಳ್ತಾನೆ" ಎಂದು ನಾಲ್ಕು ವರ್ಷದ ಮಗುವಿಗೆ ಹೇಳಿದ್ದು ಹದಿನಾರಕ್ಕೆ ಬೇರೆ ರೂಪದಲ್ಲಿ ಎದ್ದುಬರುತ್ತದೆ. ಮಾರ್ಕ್ಸು ಕಡಿಮೆ ಬಂತೇ, ಹುಡುಗ ಬಿಟ್ಟುಹೋದನೇ, ಅಜ್ಜನಿಗೆ ಕಾಯಿಲೆಯೇ, ಎಲ್ಲವೂ ತನಗೆ ಬಿದ್ದ ಶಿಕ್ಷೆ ಎಂದು ಆ ಮಗು ಓದಿಕೊಳ್ಳುತ್ತದೆ. ಕಷ್ಟ ಬಂದಾಗ ಜನ ಧರ್ಮವನ್ನು ಹೇಗೆ ಆಸರೆಯಾಗಿ ಹಿಡಿಯುತ್ತಾರೆ ಎಂದು ದಶಕಗಳ ಕಾಲ ಅಧ್ಯಯನ ಮಾಡಿದ ಮನಶ್ಶಾಸ್ತ್ರಜ್ಞ ಕೆನೆತ್ ಪಾರ್ಗಮೆಂಟ್ ಇದನ್ನು ಸ್ಪಷ್ಟವಾಗಿ ತೋರಿಸಿದ್ದಾರೆ. ದೇವರು ಜೊತೆಗಿದ್ದಾನೆ ಎಂದು ನಂಬುವವರಿಗೆ ಭಕ್ತಿ ಬಲ ಕೊಡುತ್ತದೆ; ದೇವರು ನನ್ನನ್ನು ದಂಡಿಸುತ್ತಿದ್ದಾನೆ, ಕೈಬಿಟ್ಟಿದ್ದಾನೆ ಎಂದು ನಂಬುವವರ ಮನಸ್ಸು ಇನ್ನಷ್ಟು ಕುಸಿಯುತ್ತದೆ. ಒಂದೇ ಮನೆ, ಒಂದೇ ಪೂಜೆ, ಇಬ್ಬರು ಮಕ್ಕಳಿಗೆ ಇಬ್ಬಗೆಯ ಫಲ ಕೊಡುವುದು ಹೀಗೆ.

ಇದರ ಪರೀಕ್ಷೆ ನಡೆಯುವುದು ಎಸೆಸೆಲ್ಸಿ, ದ್ವಿತೀಯ ಪಿಯುಸಿ ಹೊತ್ತಿಗೆ. ಹಾಲ್ ಟಿಕೆಟನ್ನು ದೇವರ ಮುಂದಿಟ್ಟು ಕುಂಕುಮ ಹಚ್ಚುವುದರಲ್ಲಿ ತಪ್ಪೇನಿಲ್ಲ, ಮಗುವಿಗೆ ಧೈರ್ಯ ಬರುತ್ತದೆ. ತಪ್ಪುವುದು ಹರಕೆಯಲ್ಲಿ. "625ಕ್ಕೆ 600 ಬಂದರೆ ಮುಡಿ ಕೊಡ್ತೀವಿ" ಎಂದು ಮಗುವಿನ ಕಿವಿಗೆ ಬೀಳುವ ಹಾಗೆ ಹೊತ್ತರೆ, 560 ತಂದ ಮಗು ಅಪ್ಪ-ಅಮ್ಮನಿಗೆ ಮಾತ್ರವಲ್ಲ, ದೇವರಿಗೂ ಸಾಲಗಾರ. ಹರಕೆ ಹೊರಲೇಬೇಕು ಅನ್ನಿಸಿದರೆ ನಿಮ್ಮ ಮನಸ್ಸಿನಲ್ಲೇ ಹೊರಿ, ಅಂಕಿಗೆ ಕಟ್ಟಬೇಡಿ. ಪರೀಕ್ಷೆ ಮುಗಿದ ಮರುದಿನವೇ ತೀರಿಸಿಬಿಡಿ, ಫಲಿತಾಂಶಕ್ಕೆ ಕಾಯಬೇಡಿ. ಮಗು ಬರೆದ ಶ್ರಮಕ್ಕೆ ನೀವು ದೇವರಿಗೆ ಕೃತಜ್ಞರಾದಿರಿ ಎಂದು ಆಗ ಅದಕ್ಕೆ ಅರ್ಥವಾಗುತ್ತದೆ. ಫಲಿತಾಂಶದ ದಿನ ಏನು ಹೇಳುತ್ತೀರಿ ಎಂಬುದನ್ನು ಹಿಂದಿನ ರಾತ್ರಿಯೇ ಗಂಡ-ಹೆಂಡತಿ ಮಾತಾಡಿಕೊಳ್ಳಿ. ಕಡಿಮೆ ಬಂದರೆ ಮೊದಲ ಮಾತು "ಊಟ ಮಾಡಿದ್ಯಾ?" ಅಷ್ಟೇ. ಅದೇ ವರ್ಷ ಮತ್ತೆ ಬರೆಯುವ ಅವಕಾಶ ಈಗ ಇದೆ, ಆದರೆ ಆ ಮಾತು ಮರುದಿನಕ್ಕೆ. ಆ ರಾತ್ರಿ ಮಗುವನ್ನು ಒಂಟಿಯಾಗಿ ಬಿಡಬೇಡಿ.

"ನಂಗೆ ದೇವ್ರಲ್ಲಿ ನಂಬಿಕೆ ಇಲ್ಲಮ್ಮ" ಎಂಬ ಮಾತು ಒಂದು ದಿನ ಬಂದೇ ಬರುತ್ತದೆ. ಅಮ್ಮನ ಕಣ್ಣಲ್ಲಿ ನೀರು, ಅಪ್ಪನ ಕೋಪ, ಅಜ್ಜಿಯ "ರಾಮ ರಾಮ" ಈ ಮೂರೂ ಆ ಮಾತಿಗೆ ಬೀಗ ಹಾಕುತ್ತವೆ. ಕೇಳಬೇಕಾದ ಪ್ರಶ್ನೆ ಒಂದೇ: "ಎಂಥಾ ದೇವ್ರಲ್ಲಿ ನಂಬಿಕೆ ಇಲ್ಲ, ಹೇಳು?" ಬಹಳ ಸಲ ಆ ಮಗು ನಿರಾಕರಿಸುತ್ತಿರುವುದು ಲಂಚ ತೆಗೆದುಕೊಳ್ಳುವ ದೇವರನ್ನು, ಗೆಳೆಯನ ಜಾತಿ ಕೇಳುವ ದೇವರನ್ನು, ತನ್ನನ್ನು ಮೂರು ದಿನ ಹೊರಗಿಡುವ ದೇವರನ್ನು. ಅಂಥ ದೇವರು ನಮಗೂ ಬೇಡ ಎಂದು ನೀವು ಹೇಳಬಲ್ಲಿರಾದರೆ ಮಾತು ಮುಂದುವರಿಯುತ್ತದೆ. ಉತ್ತರ ಗೊತ್ತಿಲ್ಲದಿದ್ದರೆ "ಗೊತ್ತಿಲ್ಲ ಕಣೋ, ನಂಗೂ ಇದು ಬಗೆಹರಿದಿಲ್ಲ" ಎನ್ನಿ. ಸಂಜೆ ಕೂರಲು ಒಲ್ಲೆ ಅಂದವರಿಗೆ ಒಂದು ಒಪ್ಪಂದ: ಮಂತ್ರ ಹೇಳಬೇಕಾಗಿಲ್ಲ, ಕೈ ಮುಗಿಯಬೇಕಾಗಿಲ್ಲ, ಮನೆಯವರ ಜೊತೆ ಆ ಹದಿನೈದು ನಿಮಿಷ ಇರು, ದಿನದ ಮಾತಿಗೆ ಇರು.

ಮುಟ್ಟಿನ ವಿಚಾರವನ್ನು ಹಾರಿಸಿ ಹೋಗಲಾಗದು. ನಿನ್ನೆಯವರೆಗೆ ದೀಪ ಹಚ್ಚುತ್ತಿದ್ದ ಹುಡುಗಿಗೆ ಇವತ್ತು ಬಾಗಿಲಾಚೆ ಚಾಪೆ, ಬೇರೆ ತಟ್ಟೆ, ತಮ್ಮನಿಗೂ ಗೊತ್ತಾಗುವ ಹಾಗೆ "ಅಕ್ಕನ್ನ ಮುಟ್ಬೇಡ". ತನ್ನ ದೇಹದ ಬಗ್ಗೆ ಅವಳು ದೇವರ ಹೆಸರಿನಲ್ಲಿ ಕಲಿಯುವ ಮೊದಲ ಪಾಠ ಹೇಸಿಗೆ. ಹನ್ನೆರಡನೇ ಶತಮಾನದಲ್ಲೇ ಶರಣರು ಜನನ, ಮರಣ, ಎಂಜಲು, ಜಾತಿ, ರಜಸ್ಸು (ಮುಟ್ಟು) ಈ ಐದು ಸೂತಕಗಳನ್ನೂ ತಳ್ಳಿಹಾಕಿದ ನಾಡು ಇದು. ಮನೆಯ ಹಿರಿಯರು ಒಪ್ಪದಿದ್ದರೆ ಕಡೇಪಕ್ಷ ಇಷ್ಟು ಮಾಡಿ: ಯಾರೂ ಅದನ್ನು ಜೋರಾಗಿ ಹೇಳಬೇಡಿ, ಊಟ ಎಲ್ಲರ ಜೊತೆಗೇ ಇರಲಿ, ದಿನದ ಮಾತಿನ ಸುತ್ತಿನಲ್ಲಿ ಅವಳ ಸರದಿ ತಪ್ಪದಿರಲಿ. ಪ್ಯಾಡ್ ತರುವ ಕೆಲಸವನ್ನು ಅಪ್ಪನೂ ಮಾಡಲಿ.

ದೇಹದ ಮಾತು ಬಂದಮೇಲೆ ನಿದ್ದೆ. 13ರಿಂದ 18 ವರ್ಷದವರಿಗೆ ಬೇಕಾದದ್ದು 8ರಿಂದ 10 ಗಂಟೆ. ಹರೆಯದಲ್ಲಿ ನಿದ್ದೆ ತರುವ ಮೆಲಟೊನಿನ್ ಮೊದಲಿಗಿಂತ ತಡವಾಗಿ ಸ್ರವಿಸುತ್ತದೆ. ಒಂದೆರಡು ಗಂಟೆ ತಡವಾಗಿ ನಿದ್ದೆ ಬರುವುದು ಸೋಮಾರಿತನ ಅಲ್ಲ. ಬ್ರಾಹ್ಮೀ ಮುಹೂರ್ತ ಎಂದರೆ ಸೂರ್ಯೋದಯಕ್ಕೆ 96 ನಿಮಿಷ ಮುಂಚೆ ಶುರುವಾಗುವ 48 ನಿಮಿಷ. ನಮ್ಮ ಕಡೆ ಅದು ನಾಲ್ಕೂವರೆ-ಐದರ ಸುಮಾರಿಗೆ. ಆಗ ಏಳಬೇಕಾದವರು ಎಂಟೂವರೆಗೇ ಮಲಗಿರಬೇಕು. ಹನ್ನೊಂದಕ್ಕೆ ಟ್ಯೂಷನ್ ನೋಟ್ಸ್ ಮುಚ್ಚುವ ಮಗುವಿಗೆ ಅದು ಐದೂವರೆ ಗಂಟೆಯ ನಿದ್ದೆ. ವಾರಗಟ್ಟಲೆ ಹೀಗಾದರೆ ಸಿಡುಕು, ಮರೆವು, ಬೇಸರ ಒಂದೊಂದಾಗಿ ಬರುತ್ತವೆ. ಮುಂಜಾನೆಯ ಜಪವನ್ನು ಆರೂವರೆಗೆ ಸರಿಸಿದರೆ ಪುಣ್ಯವೇನೂ ಕಡಿಮೆಯಾಗುವುದಿಲ್ಲ.

ಉಪವಾಸಕ್ಕೂ ಎಚ್ಚರ ಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15-19ರ ಹೆಣ್ಣುಮಕ್ಕಳಲ್ಲಿ 59.1 ಶೇಕಡಾ ಮಂದಿಗೆ ರಕ್ತಹೀನತೆ. ಏಕಾದಶಿಗೋ ಸಂಕಷ್ಟಿಗೋ ತಿಂಗಳಲ್ಲಿ ಒಂದೆರಡು ದಿನ, ಹಾಲು-ಹಣ್ಣು ತೆಗೆದುಕೊಂಡು ಮಾಡಿದರೆ ತೊಂದರೆಯಿಲ್ಲ. ಸೋಮವಾರ ಶಿವನಿಗೆ, ಗುರುವಾರ ರಾಯರಿಗೆ, ಶನಿವಾರ ಹನುಮನಿಗೆ ಎಂದು ಹುಡುಗಿ ಒಂದೊಂದೇ ದಿನ ಸೇರಿಸಿಕೊಂಡು ಹೋಗುತ್ತಿದ್ದರೆ, ಉಪವಾಸ ಇಲ್ಲದ ದಿನವೂ ಅನ್ನ ಪಕ್ಕಕ್ಕೆ ತಳ್ಳುತ್ತಿದ್ದರೆ, ಮುಟ್ಟು ನಿಂತಿದ್ದರೆ, ತೂಕದ ಮೆಷಿನ್ ಮೇಲೆ ಪದೇಪದೇ ಹತ್ತುತ್ತಿದ್ದರೆ, ವೈದ್ಯರಿಗೆ ತೋರಿಸಬೇಕು. ವ್ರತದ ಮರೆಯಲ್ಲಿ ಊಟದ ಕಾಯಿಲೆ ಬೆಳೆಯುತ್ತಿರಬಹುದು.

ಭಕ್ತಿಯ ಮರೆಯಲ್ಲಿ ಅಡಗುವ ಇನ್ನೊಂದು ಕಾಯಿಲೆ ಗೀಳು, ವೈದ್ಯರು ಒಸಿಡಿ ಎನ್ನುವುದು. ಇದು ಹರೆಯದಲ್ಲೇ ತಲೆಯೆತ್ತುವುದು ಸಾಮಾನ್ಯ. ಮಗ ನೂರೆಂಟು ಸಲ ಜಪ ಮಾಡುತ್ತಾನೆ, ಒಂದು ತಪ್ಪಿತು ಅನ್ನಿಸಿದರೆ ಮತ್ತೆ ಒಂದರಿಂದ ಶುರು. ಪ್ರದಕ್ಷಿಣೆ ಮುಗಿಯುವುದೇ ಇಲ್ಲ. ಮಡಿ ಕೆಟ್ಟಿತು ಎಂದು ಚರ್ಮ ಬಿರಿಯುವಷ್ಟು ಕೈ ತೊಳೆಯುತ್ತಾನೆ. ದೇವರ ಮುಂದೆ ನಿಂತಾಗಲೇ ಅಸಹ್ಯವಾದ ಯೋಚನೆಗಳು ನುಗ್ಗಿ, ತಾನು ಮಹಾಪಾಪಿ ಎಂದು ಒಳಗೊಳಗೇ ನಡುಗುತ್ತಾನೆ, ಯಾರಿಗೂ ಹೇಳುವುದಿಲ್ಲ. ಮನೆಯವರು "ನಮ್ಮ ಹುಡುಗನಿಗೆ ಎಷ್ಟು ಶ್ರದ್ಧೆ!" ಎಂದು ಸಂತೋಷಪಡುತ್ತಿರುತ್ತಾರೆ. ಗುರುತಿಸುವುದು ಹೀಗೆ: ಭಕ್ತಿ ಮುಗಿಸಿ ಎದ್ದವರ ಮುಖ ಹಗುರಾಗಿರುತ್ತದೆ, ಗೀಳಿನಿಂದ ಎದ್ದವರ ಮುಖದಲ್ಲಿ ದಣಿವು, ಹೆದರಿಕೆ. "ನಂಗೆ ಕೆಟ್ಟ ಯೋಚನೆ ಬರ್ತಿದೆ" ಎಂದು ಮಗು ಹೇಳಿದ ದಿನ ಪ್ರಾಯಶ್ಚಿತ್ತಕ್ಕೆ ಕರೆದೊಯ್ಯಬೇಡಿ, ಅದು ಗೀಳಿಗೆ ಎಣ್ಣೆ ಸುರಿದ ಹಾಗೆ. ಮಾತಿನ ಚಿಕಿತ್ಸೆ, ಅಗತ್ಯವಿದ್ದರೆ ಔಷಧಿ ಎರಡೂ ಇದಕ್ಕೆ ಚೆನ್ನಾಗಿ ಕೆಲಸ ಮಾಡುತ್ತವೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ಒಂದು ಕ್ಲಿನಿಕ್ ಇದೆ.

ಎರಡು ವಾರ ದಾಟಿಯೂ ಮಗು ಮಂಕಾಗಿದ್ದರೆ, ಇಷ್ಟದ ಆಟ-ಗೆಳೆಯರನ್ನು ಬಿಟ್ಟರೆ, ಕೈ ಕೊಯ್ದುಕೊಂಡ ಗುರುತು ಕಂಡರೆ, "ನಾನಿಲ್ಲದಿದ್ರೆ ನಿಮಗೇ ಒಳ್ಳೇದು" ಎಂಬ ಮಾತು ಬಂದರೆ ಶಾಂತಿ-ಹೋಮಕ್ಕೆ ದಿನ ಹುಡುಕುತ್ತಾ ಕೂರಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. 2022ರ ಅಕ್ಟೋಬರಿನಲ್ಲಿ ಶುರುವಾದದ್ದು. ಮಕ್ಕಳೇ ನೇರವಾಗಿ ಕರೆಯಬಹುದಾದ ಮಕ್ಕಳ ಸಹಾಯವಾಣಿ 1098. ಎರಡನ್ನೂ ಫ್ರಿಜ್ ಬಾಗಿಲಿಗೆ ಬರೆದು ಅಂಟಿಸಿ. ಪೂಜೆಯನ್ನೂ ಮಾಡಿ, ಆದರೆ ವೈದ್ಯರ ಹತ್ತಿರ ಹೋಗಿಬಂದ ಮೇಲೆ.

ಹಾಸ್ಟೆಲಿನಲ್ಲಿರುವ ಮಕ್ಕಳಿಗೆ ಈ ಸಂಜೆ ಸಿಗುವುದಿಲ್ಲ. ಅಲ್ಲಿ ಫೋನು ಸಿಗುವುದು ವಾರಕ್ಕೊಂದೆರಡು ಸಲ, ಅದೂ ಸಾಲಿನಲ್ಲಿ ನಿಂತು, ಐದೋ ಹತ್ತೋ ನಿಮಿಷ. ಆ ಹೊತ್ತನ್ನು ಟೆಸ್ಟಿನ ಮಾರ್ಕ್ಸಿಗೂ "ದೇವರಿಗೆ ಕೈ ಮುಗಿತೀಯಾ" ಎಂಬ ವಿಚಾರಣೆಗೂ ಖರ್ಚು ಮಾಡಬೇಡಿ. ಮನೆಯಲ್ಲಿ ಇವತ್ತು ಏನು ಹಾಡಿದಿರಿ, ನಾಯಿ ಏನು ಮಾಡಿತು, ಅಜ್ಜಿ ಯಾಕೆ ನಕ್ಕರು ಎಂದು ಹೇಳಿ. ಆಮೇಲೆ ಸುಮ್ಮನಿರಿ, ಅವರು ಹೇಳುವುದು ಕೊನೆಯ ನಿಮಿಷದಲ್ಲಿ. ರಜೆಗೆ ಬಂದ ಮೊದಲ ಎರಡು ದಿನ ಹೊಟ್ಟೆ ತುಂಬ ಊಟ ಹಾಕಿ, ಹತ್ತು ಗಂಟೆಯವರೆಗೆ ಮಲಗಲು ಬಿಡಿ. ಸಂಜೆ ಎಂದಿನ ಹೊತ್ತಿಗೆ ದೀಪ ಹಚ್ಚಿ, ಚಾಪೆಯ ಮೇಲೆ ಅವರು ಕೂರುತ್ತಿದ್ದ ಜಾಗ ಬಿಟ್ಟು ಉಳಿದವರು ಕೂತುಕೊಳ್ಳಿ. ಕೂಗಿ ಕರೆಯಬೇಡಿ.